ಇಬ್ಬರದೇ ರೇಸು

ಸೌತಾಂಪ್ಟನ್
14 ಸೆಪ್ಟೆಂಬರ್ 2025

ಪ್ರೀತಿಯ ಆಯಿ, ಅಪ್ಪ,

ಚೌತಿಗೆ ಬರಲಿಲ್ಲ ಅಂತ ಆಯಿಗೆ ಇನ್ನೂ ಸಿಟ್ಟಿದೆ, ಗೊತ್ತು. ಮೊನ್ನೆ ಫೋನಿನಲ್ಲಿ ಹಾಯಿದೋಣಿ ರೇಸಿನ ಸುದ್ದಿ ತೆಗೆದರೆ "ಇಬ್ಬರೇನಾ? ಬಾಕಿಯವರೆಲ್ಲ ಎಲ್ಲಿ ಹೋದರು?" ಅಂದೆಯಲ್ಲ ಆಯಿ. ಆಗ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಈ ಕಾಗದ.

ಯಾರೂ ಎಲ್ಲೂ ಹೋಗಿಲ್ಲ ಆಯಿ. ಇದು ಇಬ್ಬರದೇ ರೇಸು. ಹಾಯಿದೋಣಿ 33 ಅಡಿ ಉದ್ದ. ಬೈತ್‌ಕೋಲ್ ಬಂದರಿನ ಟ್ರಾಲರ್‌ಗಳ ಪಕ್ಕ ನಿಲ್ಲಿಸಿದರೆ ಮರಿಯ ಹಾಗೆ ಕಂಡೀತು. ಬೇರೆ ರೇಸುಗಳಲ್ಲಿ ಇಷ್ಟೇ ದೊಡ್ಡ ದೋಣಿಗೆ ಆರೇಳು ಜನ ಇರುತ್ತಾರೆ. ನಮ್ಮದರಲ್ಲಿ ನಾನು ಮತ್ತು ನನ್ನ ಜೊತೆಗಾರ್ತಿ. ಅವರು ನಿನ್ನ ವಯಸ್ಸಿನವರು, ರಿಟೈರ್ ಆದ ಟೀಚರ್. ಮೂರನೆಯ ಆಳು ಆಟೊಪೈಲಟ್. ಚುಕ್ಕಾಣಿ ಅದಕ್ಕೆ ಒಪ್ಪಿಸಿದರೆ ನಮ್ಮ ನಾಲ್ಕೂ ಕೈ ಹಾಯಿಗೆ ಸಿಗುತ್ತವೆ. ಊಟ ಕೇಳುವುದಿಲ್ಲ, ಬ್ಯಾಟರಿ ಮಾತ್ರ ಜಾಸ್ತಿ ತಿನ್ನುತ್ತದೆ.

ಶುಕ್ರವಾರ ಸಂಜೆ ಕೌಸ್‌ನಿಂದ ಹೊರಟೆವು. ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಶೆರ್ಬೂರ್ ಮುಟ್ಟಬೇಕು. ಸುಮಾರು 75 ನಾಟಿಕಲ್ ಮೈಲಿ. ಇಲ್ಲಿ ಭರತ ಇಳಿತದ ಸೆಳೆತ ಅಂದರೆ ನಮ್ಮ ಕಾಳಿ ಅಳಿವೆಯದು ಏನೂ ಅಲ್ಲ. ಸೆಳೆತ ಎದುರಾದರೆ ದೋಣಿ ಸುಯ್ಯೆಂದು ನೀರು ಸೀಳುತ್ತಿರುತ್ತದೆ, ತಿರುಗಿ ನೋಡಿದರೆ ದಡದ ಮರ ಅಲ್ಲೇ ಇರುತ್ತದೆ! ಹಾಗಾಗಿ ಎಷ್ಟು ಗಂಟೆಗೆ ಎಲ್ಲಿರಬೇಕು ಅನ್ನುವ ಲೆಕ್ಕವೇ ಅರ್ಧ ರೇಸು.

ಕತ್ತಲಾದ ಮೇಲೆ ಒಬ್ಬರು ಮೇಲೆ, ಒಬ್ಬರು ಕೆಳಗೆ. ಒಂದು ಗಂಟೆ ನಿದ್ದೆ, ಒಂದು ಗಂಟೆ ಕಾವಲು. ಲೈಫ್ ಜಾಕೆಟ್ ಹಾಕಿಕೊಂಡೇ ಮಲಗುವುದು. ಮೇಲಿರುವವರು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ದೋಣಿಗೆ ಕೊಕ್ಕೆ ಹಾಕಿಕೊಳ್ಳಲೇಬೇಕು. ಈ ಸಾಲನ್ನು ಎರಡು ಸಲ ಓದು ಆಯಿ.

ಇನ್ನು ಅಪ್ಪನಿಗೆ ಹೇಳಬೇಕಾದದ್ದು. ಬೆಳಗಿನ ಜಾವ ಮೂರಕ್ಕೆ ಗಾಳಿ ಏರಿತು. ಜೊತೆಗಾರ್ತಿ ಎಬ್ಬಿಸಿದರು. ಮುಂದಿನ ದೊಡ್ಡ ಬಲೂನಿನಂಥ ಹಾಯಿ, ಸ್ಪಿನೇಕರ್, ಇಳಿಸಬೇಕು. ನಮ್ಮ ಅಂಗಳಕ್ಕೆ ಹಾಸಿದರೂ ಮಿಕ್ಕೀತು, ಅಷ್ಟಿದೆ ಅದು. ನಿದ್ದೆಗಣ್ಣಲ್ಲಿ ನಾನು ಹಗ್ಗ ಒಮ್ಮೆಲೇ ಬಿಟ್ಟೆ. ಅವರ ಕೈಗೆ ಸಿಗುವ ಮೊದಲೇ ಹಾಯಿ ಪೂರ್ತಿ ನೀರಿಗೆ! ನೀರು ತುಂಬಿ ಬಲೆಯಾಯಿತು, ದೋಣಿ ಗಕ್ಕನೆ ನಿಂತಿತು. ಇಬ್ಬರೂ ಮಧ್ಯಕ್ಕೆ ಕೈ ಹಾಕಿ ಎಳೆದೆವು. ಒಂದಿಂಚೂ ಬರಲಿಲ್ಲ.

ಆಗ ಮಾಜಾಳಿಯ ರಂಪಣಿ, ಊರೆಲ್ಲ ಸೇರಿ ದಡಕ್ಕೆ ಎಳೆಯುವ ಆ ದೊಡ್ಡ ಬಲೆ, ನೆನಪಾಯಿತು. ಹಗ್ಗದ ಕೊನೆಯಲ್ಲಿ ನಾನು ಸುಮ್ನೆ ಜೋತು ಬೀಳುತ್ತಿದ್ದಾಗ ನೀನು ಬೈಯುತ್ತಿದ್ದೆಯಲ್ಲ, "ತೆರೆಯ ಜೊತೆ ಜಗಳ ಆಡಬೇಡ, ಅದು ಸಡಿಲ ಕೊಟ್ಟಾಗ ಎಳೆ" ಅಂತ. ಹಾಯಿಯ ಒಂದೇ ಅಂಚು ಹಿಡಿದೆವು. ತೆರೆ ಸಡಿಲ ಕೊಟ್ಟಾಗ ಒಂದು ಮೊಳ, ಬಿಗಿದಾಗ ಹಿಡಿದು ನಿಲ್ಲುವುದು. ಅಂಚಿನಿಂದ ನೀರು ಸೋರತೊಡಗಿತು. ರಂಪಣಿಗೆ ಊರೇ ಇರುತ್ತಿತ್ತು, ಇಲ್ಲಿ ನಾವಿಬ್ಬರೇ. ಇಪ್ಪತ್ತು ನಿಮಿಷ ಹಿಡಿಯಿತು. ಅವರು ಒಂದು ಮಾತೂ ಬೈಯಲಿಲ್ಲ. ಬಿಸಿ ಚಹಾ ಮಾಡಿ ಕೊಟ್ಟರು, ಅದೇ ಜಾಸ್ತಿ ನಾಚಿಕೆ ಆಯಿತು.

ಮೊದಲು ಮುಟ್ಟಿದವರೇ ಗೆದ್ದರು ಅಂತ ಇಲ್ಲಿ ಇಲ್ಲ. ಪ್ರತಿ ದೋಣಿಗೂ ಅದರ ವೇಗಕ್ಕೆ ತಕ್ಕ ಒಂದು ಅಂಕ ಕೊಟ್ಟಿರುತ್ತಾರೆ, ತೆಗೆದುಕೊಂಡ ಸಮಯವನ್ನು ಅದರಿಂದ ಗುಣಿಸುತ್ತಾರೆ. ಹೇಗೆ ಗುಣಿಸಿದರೂ ನಮ್ಮದು ಹನ್ನೊಂದನೆಯ ಸ್ಥಾನ.

ಇಬ್ಬರೇ ಅಂದರೆ ಹುಚ್ಚು ಅಂತೀಯಲ್ಲ ಆಯಿ, ನಮ್ಮ ಪಕ್ಕದ ಗೋವಾದಿಂದಲೇ ನೌಕಾಪಡೆಯ ದಿಲ್ನಾ, ರೂಪಾ ಇಬ್ಬರೇ 'ತಾರಿಣಿ' ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. 2024ರ ಅಕ್ಟೋಬರ್ 2ಕ್ಕೆ ಹೊರಟು ಈ ವರ್ಷ ಮೇ ಕೊನೆಗೆ ಬಂದದ್ದು. ನನ್ನದು ಒಂದು ರಾತ್ರಿ ಅಷ್ಟೇ. ಇನ್ನೊಂದು, ಇಲ್ಲಿಯ ಹೆಸರಾಂತ ಹಾಯಿದೋಣಿ ರೇಸು, 2013ರ ಫಾಸ್ಟ್‌ನೆಟ್ ರೇಸನ್ನು ನಮ್ಮಷ್ಟೇ ಉದ್ದದ ದೋಣಿಯಲ್ಲಿ ಗೆದ್ದವರು ಫ್ರಾನ್ಸಿನ ಅಪ್ಪ, ಮಗ. ದೊಡ್ಡ ತಂಡಗಳನ್ನೆಲ್ಲ ಹಿಂದೆ ಹಾಕಿ! ಅಪ್ಪ, ಪಾಸ್‌ಪೋರ್ಟ್ ಮಾಡಿಸಿದೆಯಾ?

ಅಂಗೈ ಸ್ವಲ್ಪ ಸುಲಿದಿದೆ, ಚಿಂತೆ ಬೇಡ. ಯಾರಾದರೂ ಈ ಕಡೆ ಬರುವವರಿದ್ದರೆ ಒಣ ಮುರುಗಲ ಸಿಪ್ಪೆ ಕಳಿಸು ಆಯಿ. ಎರಡು ಪೊಟ್ಟಣ. ಒಂದು ನನ್ನ ಜೊತೆಗಾರ್ತಿಗೆ.

ನಿಮ್ಮ ಮಗಳು