ಭಾನುವಾರದ ಪುಟದಲ್ಲಿ ನಗುವಿಗೂ ಅರ್ಧ ಕಾಲಂ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಬಿತ್ತನೆ ಬೀಜ ಮತ್ತು ರಸಗೊಬ್ಬರದ ಅಂಗಡಿ ಇಟ್ಟುಕೊಂಡಿರುವವನು. ಅಂಗಡಿಗೆ ಬರುವ ನಿಮ್ಮ ಪತ್ರಿಕೆಯನ್ನು ದಿನವೂ ಹತ್ತು ಹದಿನೈದು ಮಂದಿ ಹಂಚಿಕೊಂಡು ಓದುತ್ತಾರೆ; ಸಂಜೆಯ ಹೊತ್ತಿಗೆ ಅದರ ಹಾಳೆಗಳು ದಿಕ್ಕಾಪಾಲಾಗಿರುತ್ತವೆ. ಅವನ್ನು ಕೂಡಿಸಿ ಎತ್ತಿಟ್ಟು, ಭಾನುವಾರ ಬೆಳಿಗ್ಗೆ ವಾರದ ಏಳೂ ಸಂಚಿಕೆಗಳನ್ನು ಮತ್ತೊಮ್ಮೆ ತಿರುವಿಹಾಕಿ, ನಗು ತರಿಸಿದ ಸುದ್ದಿಗಳನ್ನು ಬ್ಲೇಡಿನಿಂದ ಕತ್ತರಿಸಿ ಹಳೆಯ ಖಾತೆ ಪುಸ್ತಕವೊಂದಕ್ಕೆ ಅಂಟಿಸುವ ಅಭ್ಯಾಸ ನನಗೆ ಹಲವು ವರ್ಷಗಳಿಂದ ಇದೆ. ಪುಸ್ತಕದಲ್ಲಿ ಜಮಾ, ಖರ್ಚು ಎಂದು ಎರಡು ಕಾಲಂಗಳಿದ್ದು, ನಾನು ಜಮಾ ಕಡೆಗೆ ಮಾತ್ರ ಅಂಟಿಸುತ್ತೇನೆ. ಆ ಪುಸ್ತಕದ ಬಲದ ಮೇಲೆ ತಮ್ಮಲ್ಲಿ ಒಂದು ಕೋರಿಕೆ ಇಡುತ್ತಿದ್ದೇನೆ. ಭಾನುವಾರದ ಸಂಚಿಕೆಯಲ್ಲಿ, ಆ ವಾರದ ಆಟದಲ್ಲಿ, ಸುದ್ದಿಯಲ್ಲಿ ಮತ್ತು ಮೊಬೈಲಿನಲ್ಲಿ ಓಡಾಡಿದ ಹಾಸ್ಯದಲ್ಲಿ ನಗೆ ತರಿಸಿದ ಸಂಗತಿಗಳಿಗೆಂದೇ ಅರ್ಧ ಕಾಲಂ ಜಾಗವನ್ನು ಕಾಯಂ ಆಗಿ ಕೊಡಬೇಕು. ಅದನ್ನು ಮೊದಲ ಪುಟದ ಸುದ್ದಿಯಷ್ಟೇ ಎಚ್ಚರದಿಂದ ಯಾರಾದರೂ ನೋಡಿ, ತಿದ್ದಿ, ಬೇಡವಾದದ್ದನ್ನು ತೆಗೆದು ಅಚ್ಚು ಮಾಡಬೇಕು.

ನಗಲು ಮೊಬೈಲ್ ಇರುವಾಗ ಪತ್ರಿಕೆ ಏಕೆ ಎಂದು ನನ್ನ ಮಗನೇ ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ನಿಮ್ಮ ಪತ್ರಿಕೆಯಲ್ಲಿ ಈಗಾಗಲೇ ಎಷ್ಟು ನಗು ಇದೆ ಎಂಬುದು ತಮಗೆ ಗೊತ್ತಿರಲಾರದು ಎಂಬ ಅನುಮಾನದಿಂದ ಒಂದೆರಡು ಉದಾಹರಣೆ ಕೊಡುತ್ತೇನೆ.

ಪ್ರತಿದಿನ ಒಳಪುಟದ ಮೂಲೆಯಲ್ಲಿ ಬರುವ ಕೃಷ್ಣರಾಜಸಾಗರದ ನೀರಿನ ಮಟ್ಟವನ್ನೇ ತೆಗೆದುಕೊಳ್ಳಿ. ಅದನ್ನು ಹಾಕುವಾಗ ತಮ್ಮ ಕಚೇರಿಯಲ್ಲಿ ಯಾರೂ ನಕ್ಕಿರಲಿಕ್ಕಿಲ್ಲ. ನಮ್ಮ ಅಂಗಡಿಗೆ ಬರುವ ಹಿರಿಯ ಗೌಡರೊಬ್ಬರಿಗೆ ಓದಲು ಕನ್ನಡಕ ಬೇಕು, ಕನ್ನಡಕ ಯಾವಾಗಲೂ ಮನೆಯಲ್ಲಿ. ಹಾಗಾಗಿ ಅವರು ಬಂದವರೇ ಮೂಟೆಯ ಮೇಲೆ ಕುಳಿತು, "ಎಷ್ಟಾಯ್ತಪ್ಪ ಸ್ಕೋರು?" ಎನ್ನುತ್ತಾರೆ. ಅವರು ಕೇಳುವುದು ಕ್ರಿಕೆಟ್ಟಿನ ಸ್ಕೋರನ್ನಲ್ಲ. "112 ಅಡಿ ಗೌಡ್ರೇ" ಎಂದರೆ, ಗರಿಷ್ಠ ಮಟ್ಟವಾದ 124.80ರಿಂದ ಅದನ್ನು ಮನಸ್ಸಿನಲ್ಲೇ ಕಳೆದು, "ಇನ್ನಾ ಹದ್ಮೂರ್ ಅಡಿ ಬೇಕು ಅನ್ನು. ಓವರ್ ಎಷ್ಟು ಉಳ್ದವೆ?" ಎಂದು ಕೇಳುತ್ತಾರೆ. ಓವರ್ ಎಂದರೆ ಮುಂಗಾರಿನ ದಿನಗಳು. ಕೊಡಗಿನಲ್ಲಿ ಮಳೆ ಬಿದ್ದರೆ ಅವರ ಪಾಲಿಗೆ ಅದು ಸಿಕ್ಸರ್. ಹೊರಹರಿವು ಹೆಚ್ಚಾದರೆ ವಿಕೆಟ್ ಬಿದ್ದ ಹಾಗೆ. 2025ರಲ್ಲಿ ಜೂನ್ ಮುಗಿಯುವ ಮೊದಲೇ ಅಣೆಕಟ್ಟೆ ತುಂಬಿದಾಗ, "ಇಷ್ಟ್ ಬೇಗ ಮ್ಯಾಚ್ ಮುಗಿಸ್ಬುಟ್ರೆ ಮಿಕ್ಕಿದ್ ದಿನ ಏನ್ ನೋಡಾದು?" ಎಂದು ಅವರು ಬೇಸರಪಟ್ಟುಕೊಂಡರು. 2023ರ ಬರಗಾಲದಲ್ಲಿ ಮಾತ್ರ ಅವರು ಸ್ಕೋರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೈಸೂರಿನ ದಸರಾ ಆನೆಗಳ ತೂಕವೂ ಅಂಥದ್ದೇ. ಪ್ರತಿ ವರ್ಷ ಗಜಪಡೆ ಕಾಡಿನಿಂದ ಅರಮನೆಗೆ ಬಂದ ಮೇಲೆ ಒಂದೊಂದೇ ಆನೆಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುತ್ತಾರೆ, ತಾವು ಆ ಪಟ್ಟಿಯನ್ನು ಚುನಾವಣಾ ಫಲಿತಾಂಶದಂತೆ ಸಾಲಾಗಿ ಅಚ್ಚು ಹಾಕುತ್ತೀರಿ. 2024ರಲ್ಲಿ 5,560 ಕಿಲೋ ತೂಗಿದ್ದ ಅಂಬಾರಿ ಆನೆ ಅಭಿಮನ್ಯು, 2025ರಲ್ಲಿ 5,360 ಕಿಲೋಗೆ ಇಳಿದಿದ್ದ; ಆ ವರ್ಷ ಮೊದಲ ತಂಡದಲ್ಲಿ ಬಂದ ಆನೆಗಳ ಪೈಕಿ ಹೆಚ್ಚು ತೂಕದವನೆಂಬ ಪಟ್ಟ ಭೀಮನ ಪಾಲಾಯಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹದಿನೈದು ವರ್ಷದಿಂದ ನಡೆಯುತ್ತಿದ್ದರೂ ಎರಡು ಕಿಲೋ ಇಳಿಸಲಾಗದ ನನ್ನ ಮೈಸೂರಿನ ಭಾವಮೈದುನ, ಇನ್ನೂರು ಕಿಲೋ ಇಳಿಸಿದ ಆನೆಯ ದಿನಚರಿ ಏನೆಂದು ವಿಚಾರಿಸಬೇಕು ಎಂದ. ಆದರೆ ಆ ಸುದ್ದಿಗೆ ನಿಜವಾದ ಷರಾ ಬರೆದವರು ನಮ್ಮ ಅಂಗಡಿಯಲ್ಲಿ ಕುಳಿತಿದ್ದ ಕಬ್ಬು ಬೆಳೆಗಾರರು. ಕಾರ್ಖಾನೆಯ ತೂಕದ ಯಂತ್ರದ ಮೇಲೆ ಕಬ್ಬು ಬೆಳೆಗಾರನಿಗೆ ಇರುವ ನಂಬಿಕೆ ಎಷ್ಟೆಂಬುದು ತಮಗೆ ಗೊತ್ತೇ ಇದೆ. "ಆನೆ ಆಗಿದ್ದಕ್ಕೆ ಐದು ಟನ್ ಬಂತು, ಅದೇ ನನ್ ಗಾಡಿ ಆಗಿದ್ರೆ ನಾಕೇ ಅನ್ನರು" ಎಂದು ಒಬ್ಬರು ಹೇಳಿದ್ದಕ್ಕೆ, ಇನ್ನೊಬ್ಬರು, "ಕಮ್ಮಿ ತೋರ್ಸಿದ್ರೆ ಆನೆ ಸುಮ್ಕಿರ್ತದಾ? ನಾವ್ ಇರ್ತೀವಿ" ಎಂದರು. ಈ ಮಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಾನು ಆ ಪಟ್ಟಿಯನ್ನು ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಆಟದ ಪುಟಕ್ಕೆ ಬಂದರೆ, ನನ್ನ ಪುಸ್ತಕದ ಅರ್ಧಭಾಗ ಬೆಂಗಳೂರಿನ ಐಪಿಎಲ್ ತಂಡದ್ದು. 2009, 2011, 2016, ಹೀಗೆ ಮೂರು ಸಲ ಫೈನಲ್ ತಲುಪಿ ಮೂರೂ ಸಲ ಸೋತ ತಂಡವನ್ನು ಬಿಟ್ಟುಕೊಡದ ಜನರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿಯಾರು? "ಈ ಸಲ ಕಪ್ ನಮ್ದೇ" ಎಂಬ ಮಾತು ಘೋಷಣೆಯಾಗಿ ಹುಟ್ಟಿ, ಗೇಲಿಯಾಗಿ ಬೆಳೆದು, ಕಡೆಗೆ ಸಾಲ ವಾಪಸ್ಸು ಕೊಡುವವರ ವಾಯಿದೆಯೂ ಆಗಿತ್ತು. ನನ್ನ ಉದ್ರಿ ಪುಸ್ತಕದಲ್ಲಿರುವ ಒಬ್ಬರು ಬಾಕಿ ಕೇಳಿದಾಗಲೆಲ್ಲ ಈ ಸಲ ಕಬ್ಬು ಕಡಿದ ತಕ್ಷಣ ಕಪ್ ನಿಮ್ದೇ ಎನ್ನುತ್ತಿದ್ದರು. ಇದೇ ತಂಡ 2013ರ ಏಪ್ರಿಲ್ 23ರಂದು ಗೇಲ್ ಅವರ ಔಟಾಗದ 175 ರನ್‌ಗಳ ನೆರವಿನಿಂದ 263 ರನ್ ಹೊಡೆದಿತ್ತು. ಸರಿಯಾಗಿ ನಾಲ್ಕು ವರ್ಷಗಳ ಮೇಲೆ, 2017ರ ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾಯಿತು. ಪಂಚಾಂಗ ನೋಡಿ ಆಡಿದರೂ ಹೀಗೆ ತಾಳೆಯಾಗುವುದು ಕಷ್ಟ.

ನನಗೆ ಅತ್ಯಂತ ಇಷ್ಟವಾದ ಪ್ರಸಂಗ 2025ರದ್ದು. ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೆಹಲಿ ತಂಡದ ಪರವಾಗಿ ಆಡಿದ ನಮ್ಮ ಕೆ.ಎಲ್. ರಾಹುಲ್, ಔಟಾಗದೆ 93 ರನ್ ಹೊಡೆದು ಬೆಂಗಳೂರನ್ನು ಸೋಲಿಸಿದ ಮೇಲೆ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಬ್ಯಾಟನ್ನು ಊರಿ, ಇದು ನನ್ನ ನೆಲ ಎಂಬಂತೆ ಎದೆ ತಟ್ಟಿಕೊಂಡರು. ಹದಿನೇಳು ದಿನಗಳ ನಂತರ ದೆಹಲಿಯಲ್ಲಿ ಬೆಂಗಳೂರು ಗೆದ್ದಾಗ, ದೆಹಲಿಯಲ್ಲೇ ಹುಟ್ಟಿ ಬೆಳೆದ ವಿರಾಟ್ ಕೊಹ್ಲಿ ರಾಹುಲ್ ಅವರ ಎದುರಿಗೇ ಹೋಗಿ ಅದೇ ವೃತ್ತ ಎಳೆದಂತೆ ನಟಿಸಿದರು, ಇಬ್ಬರೂ ನಕ್ಕರು. ಬೆಂಗಳೂರಿನವನು ದೆಹಲಿಗೆ, ದೆಹಲಿಯವನು ಬೆಂಗಳೂರಿಗೆ ಆಡುತ್ತಿರುವ ಕಾಲದಲ್ಲಿ ಯಾವ ನೆಲ ಯಾರದ್ದು ಎಂದು ಆ ಎರಡು ವೃತ್ತಗಳನ್ನು ನೋಡಿ ಯಾರಾದರೂ ತೀರ್ಮಾನಿಸಲಿ. ಮರುದಿನ ನಮ್ಮ ಅಂಗಡಿಯ ಹುಡುಗ ಖಾಲಿಯಾದ ಜಾಗದಲ್ಲಿ ಕೊನೆಯ ಮೂಟೆ ಇಳಿಸಿ, ಪೊರಕೆಯಿಂದ ಸುತ್ತ ವೃತ್ತ ಎಳೆದು ನಿಂತ.

ಸುದ್ದಿಪುಟದಲ್ಲಿ ಆರಿಸಿಕೊಳ್ಳಲು ಇನ್ನೂ ಹೆಚ್ಚಿನ ಎಚ್ಚರ ಬೇಕು. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯೊಂದರ ಆವರಣದಲ್ಲಿ ಚಿರತೆ ಕಾಣಿಸಿಕೊಂಡು, ನೌಕರರಿಗೆಲ್ಲ ಮನೆಯಿಂದಲೇ ಕೆಲಸ ಮಾಡಲು ಹೇಳಲಾಯಿತು. ವರ್ಷದ ಕೊನೆಯ ದಿನ ಕಚೇರಿಗೆ ಬಂದದ್ದು ಚಿರತೆಯೊಂದೇ ಎಂದು ನಾವೆಲ್ಲ ನಕ್ಕೆವು. ಇಲ್ಲಿ ಯಾರಿಗೂ ನೋವಾಗಲಿಲ್ಲವಾದ್ದರಿಂದ ನಗಬಹುದಾಗಿತ್ತು. ಅದೇ ತಿ. ನರಸೀಪುರದ ಕಡೆ ಚಿರತೆ ಜನರ ಮೇಲೆ ಬಿದ್ದ ದಿನಗಳಲ್ಲಿ ಇಂಥ ಒಂದು ಸಾಲು ಬಂದಿದ್ದರೆ ನಾನೇ ತಮಗೆ ಸಿಟ್ಟಿನ ಪತ್ರ ಬರೆಯುತ್ತಿದ್ದೆ.

2019ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯನ್ನು ಇಡೀ ನಾಡಿಗೆ ಪರಿಚಯಿಸಿದ "ನಿಖಿಲ್ ಎಲ್ಲಿದ್ದೀಯಪ್ಪಾ" ಎಂಬ ಮಾತನ್ನೂ ಇದೇ ಲೆಕ್ಕದಲ್ಲಿ ನೋಡುತ್ತೇನೆ. ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿ ಅವರು ಮಗ ನಿಖಿಲ್‌ನನ್ನು ಸಮಾರಂಭವೊಂದರಲ್ಲಿ ಪ್ರೀತಿಯಿಂದ ಕರೆದ ಮಾತು ಅದು. ಚುನಾವಣೆಯ ಬಿಸಿಯಲ್ಲಿ ಅದು ಕುಹಕವಾಯಿತು, ಚುನಾವಣೆ ಮುಗಿದು ವರ್ಷಗಳು ಕಳೆದ ಮೇಲೆ ಮನೆಮಾತಾಯಿತು. ಯೂರಿಯಾ ಲಾರಿ ಬಾರದ ದಿನಗಳಲ್ಲಿ ಅಂಗಡಿಯ ಮುಂದೆ ನಿಂತು "ಯೂರಿಯಾ, ಎಲ್ಲಿದ್ದೀಯಪ್ಪಾ" ಎಂದು ಕೂಗುವವರಲ್ಲಿ ಆ ಪಕ್ಷದವರೂ ಇರುತ್ತಾರೆ.

ಇನ್ನು ಮಗನಿಗೆ ಕೊಟ್ಟ ಉತ್ತರ. 2025ರ ಜೂನ್ 3ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ, ಹದಿನೆಂಟನೆಯ ವರ್ಷದಲ್ಲಿ ಮೊದಲ ಸಲ ಕಪ್ ಗೆದ್ದಿತು. ಆ ರಾತ್ರಿ ಮಂಡ್ಯದಲ್ಲಿ ಮಲಗಿದವರು ಕಡಿಮೆ. ಮಧ್ಯರಾತ್ರಿಯ ಹೊತ್ತಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ, ಕಪ್ ಗೆದ್ದ ಪ್ರಯುಕ್ತ ಮರುದಿನ ಸಾರ್ವತ್ರಿಕ ರಜೆ ಎಂಬ ಪ್ರಕಟಣೆಯೊಂದು ಬಂತು. ಯಾರೋ ತಮಾಷೆಗೆ ಮಾಡಿದ್ದು. ಅದನ್ನು ನಾನೂ ನಗುತ್ತಲೇ ಮುಂದಕ್ಕೆ ಕಳಿಸಿದೆ, ನಮ್ಮ ಅಂಗಡಿಯ ಹುಡುಗನಿಗೂ ಸೇರಿಸಿ. ಅವನು ಅದನ್ನು ನಂಬಿದ. ಮಾಲೀಕನೇ ಕಳಿಸಿದ ಮೇಲೆ ನಂಬದೆ ಏನು ಮಾಡಿಯಾನು! ಬೆಳಿಗ್ಗೆ ಗೊಬ್ಬರದ ಲಾರಿ ಬಂದು ನಿಂತಿತು, ಹುಡುಗನ ಪತ್ತೆ ಇಲ್ಲ. ತಲಾ 45 ಕಿಲೋದ ಮೂಟೆಗಳನ್ನು ನಾನು, ಲಾರಿಯ ಕ್ಲೀನರ್ ಮತ್ತು ಕರುಣೆ ತೋರಿದ ಇಬ್ಬರು ಗಿರಾಕಿಗಳು ಸೇರಿ ಇಳಿಸಿದೆವು. ಇಳಿಸುವಾಗ ಗೌಡರು ಮೂಟೆಯ ಮೇಲೆ ಕುಳಿತು, ಒಂದೊಂದಕ್ಕೂ ಒಂದು ರನ್ ಎಂದು ಲೆಕ್ಕ ಹಾಕುತ್ತಿದ್ದರು. ಬೆನ್ನು ಹಿಡಿದುಕೊಂಡಿದ್ದರೂ ಮಧ್ಯಾಹ್ನದವರೆಗೆ ನಕ್ಕದ್ದೇ ನಕ್ಕದ್ದು.

ಸಂಜೆಯ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದ ಸುದ್ದಿ ಬಂತು. 11 ಜನ ಸತ್ತರು. ತಂಡವನ್ನು ನೋಡಲು ಹೋದವರು ಅವರು. ಆದರೆ ನಮ್ಮ ಗುಂಪಿನಲ್ಲಿ ಬೆಳಗಿನ ತಮಾಷೆಗಳು ನಿಲ್ಲಲಿಲ್ಲ. ಸಾವಿನ ಸುದ್ದಿಯ ಕೆಳಗೆ ರಜೆಯ ಪ್ರಕಟಣೆ, ಅದರ ಕೆಳಗೆ ಆಸ್ಪತ್ರೆಯ ಚಿತ್ರ, ಅದರ ಕೆಳಗೆ ಮತ್ತೆ ಕುಣಿಯುವ ಕಪ್. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಮಾಡಿರಲಿಲ್ಲ. ಮೊದಲೇ ಕಳಿಸಿದ್ದು ಸುತ್ತಿ ಬಳಸಿ ತಡವಾಗಿ ಬರುತ್ತಿತ್ತು, ತಡೆಯುವವರು ಇರಲಿಲ್ಲ. ನಾನು ಕಳಿಸಿದ್ದೇ ರಾತ್ರಿ ಒಂಬತ್ತಕ್ಕೆ ಇನ್ನೊಂದು ಗುಂಪಿನಿಂದ ನನಗೇ ವಾಪಸ್ಸು ಬಂತು. ಮರುದಿನ ಬೆಳಿಗ್ಗೆ ಬಂದ ನಿಮ್ಮ ಪತ್ರಿಕೆಯಲ್ಲಿ ತಮಾಷೆಯ ಒಂದು ಸಾಲೂ ಇರಲಿಲ್ಲ. ಯಾರೋ ಒಬ್ಬರು ಹಿಂದಿನ ದಿನ ಸಿದ್ಧವಾಗಿದ್ದ ಏನನ್ನೋ ತೆಗೆದಿಟ್ಟಿರಬೇಕು ಎಂದು ನನ್ನ ಊಹೆ. ಮಗನಿಗೆ ಆ ಎರಡನ್ನೂ, ಮೊಬೈಲನ್ನೂ ಪತ್ರಿಕೆಯನ್ನೂ, ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ.

ಇಂಥ ಕಾಲಂನಲ್ಲಿ ಯಾರನ್ನು ನೋಡಿ ನಗುತ್ತೇವೆ ಎಂಬುದನ್ನೂ ತಾವು ಗಮನಿಸಬೇಕಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಂಬ 51 ವರ್ಷದ ಗುರಿಕಾರರು ಸಾಮಾನ್ಯ ಕನ್ನಡಕ ಹಾಕಿಕೊಂಡು, ಒಂದು ಕೈಯನ್ನು ಜೇಬಿನಲ್ಲಿ ಇಟ್ಟು, ಹಾಲು ತರಲು ಹೊರಟವರಂತೆ ನಿಂತು ಬೆಳ್ಳಿ ಗೆದ್ದರು. ಲೋಕವೆಲ್ಲ ಅವರೊಂದಿಗೆ ನಕ್ಕಿತು. ಅದೇ ಕ್ರೀಡಾಕೂಟದಲ್ಲಿ ಬ್ರೇಕಿಂಗ್ ನೃತ್ಯಕ್ಕೆ ಇಳಿದ ಆಸ್ಟ್ರೇಲಿಯಾದ ರೇಚಲ್ ಗನ್ ಅವರನ್ನು ನೋಡಿಯೂ ಲೋಕವೆಲ್ಲ ನಕ್ಕಿತು, ಆದರೆ ಆ ನಗು ಎಷ್ಟು ದಿನ, ಎಷ್ಟು ಒರಟಾಗಿ ಮುಂದುವರಿಯಿತೆಂದರೆ ಅವರು ಸ್ಪರ್ಧೆಯಿಂದಲೇ ದೂರ ಸರಿಯುವುದಾಗಿ ಹೇಳಿದರು. ನನ್ನ ಪುಸ್ತಕದಲ್ಲಿ ಮೊದಲನೆಯವರ ಚಿತ್ರ ಇದೆ. ಎರಡನೆಯವರದ್ದನ್ನೂ ಮೊದಲು ಅಂಟಿಸಿದ್ದೆ, ಆಮೇಲೆ ಕಿತ್ತೆ; ಅಂಟಿನ ಕಲೆ ಉಳಿದಿದೆ.

ನನ್ನ ಕೋರಿಕೆ ಈ ಸೀಮೆಗೆ ಹೊಸದೇನಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, 1942ರಲ್ಲಿ ಕೊರವಂಜಿ ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು, ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರು ಮುಂಬೈಗೆ ಹೋಗಿ ಹೆಸರು ಮಾಡುವ ಮೊದಲು ಅದಕ್ಕೆ ಚಿತ್ರ ಬರೆದುಕೊಟ್ಟವರು. ಆಗ ಅಷ್ಟು ಪುಟಗಳನ್ನು ಪ್ರತಿ ತಿಂಗಳೂ ತುಂಬಿಸುವವರಿದ್ದರು. ನಾನು ಕೇಳುತ್ತಿರುವುದು ವಾರಕ್ಕೆ ಅರ್ಧ ಕಾಲಂ. ಜಾಹೀರಾತಿನ ಒತ್ತಡ ಹೆಚ್ಚಿದ ವಾರ ಕಾಲು ಕಾಲಂ ಆದರೂ ದೂರು ಹೇಳುವುದಿಲ್ಲ. ಯಾವ ಊರಿನ ಯಾವ ಮೂಲೆಯಲ್ಲಿ ಕೇಳಿದ್ದು ಎಂಬುದನ್ನು ಮಾತ್ರ ಬಿಡದೆ ಹಾಕಬೇಕು. ಮೊಬೈಲಿನಲ್ಲಿ ಬರುವ ತಮಾಷೆಗಳಿಗೆ ಊರು ಇರುವುದಿಲ್ಲ, ಇದ್ದರೂ ಮೂರನೆಯ ಕೈಗೆ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಆರಂಭಕ್ಕೆ ಸರಕು ಬೇಕಾದಲ್ಲಿ ಮಂಡ್ಯದ ತಮ್ಮ ವರದಿಗಾರರು ಅಂಗಡಿಗೆ ಬಂದು ನನ್ನ ಖಾತೆ ಪುಸ್ತಕವನ್ನು ತೆಗೆದುಕೊಂಡು ಹೋಗಬಹುದು. ಹದಿನೈದು ದಿನದಲ್ಲಿ ವಾಪಸ್ಸು ಕೊಡಬೇಕು. ಅದರಲ್ಲಿ 2017ರ ಏಪ್ರಿಲ್ ತಿಂಗಳ ಒಂದು ಹಾಳೆಯನ್ನು, ಅಂದರೆ 49ಕ್ಕೆ ಆಲೌಟಾದ ಸುದ್ದಿ ಇದ್ದ ಹಾಳೆಯನ್ನು, ಯಾರೋ ಬುಡಸಮೇತ ಹರಿದುಕೊಂಡು ಹೋಗಿದ್ದಾರೆ. ಮಗ ತನಗೆ ಗೊತ್ತಿಲ್ಲ ಎನ್ನುತ್ತಾನೆ. ಅಂದಿನ ತಮ್ಮ ಪತ್ರಿಕೆಯ ಆಟದ ಪುಟದ ಪ್ರತಿ ಕಚೇರಿಯಲ್ಲಿ ಉಳಿದಿದ್ದರೆ ದಯವಿಟ್ಟು ಒಂದನ್ನು ಕಳಿಸಿಕೊಡಿ.

ಇಂತಿ ತಮ್ಮ ಓದುಗ,
ಗೊಬ್ಬರದಂಗಡಿಯವನು,
ಗುತ್ತಲು ರಸ್ತೆ, ಮಂಡ್ಯ