ಲಗ್ನಪತ್ರಿಕೆ ಎಂದು ಬಂದದ್ದನ್ನೆಲ್ಲ ಒತ್ತಬೇಡಿ

ಮ್ಯೂನಿಕ್

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಊರಲ್ಲಿ ಮದುವೆಗಳ ಕಾಲ ಶುರುವಾಗಿರುತ್ತದೆ, ವಾಟ್ಸ್ಆ್ಯಪ್ ತುಂಬ ಲಗ್ನಪತ್ರಿಕೆ ಬರುತ್ತಿರುತ್ತದೆ. ಅದಕ್ಕೇ ಈ ಕಾಗದ.

ನಿಜವಾದ ಪತ್ರಿಕೆ ಫೋಟೊ, ವಿಡಿಯೊ ಅಥವಾ ಪಿಡಿಎಫ್ ಆಗಿ ಬರುತ್ತದೆ. ಫೈಲ್ ಹೆಸರಿನ ಕೊನೆಯಲ್ಲಿ ಎ-ಪಿ-ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆ್ಯಪ್, ಪತ್ರಿಕೆಯಲ್ಲ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಲ್ಲೂ ಇದೇ ಬರುತ್ತದೆ. ಕಳಿಸಿದವರು ಸಂಬಂಧಿಕರೇ ಇರಬಹುದು. ಅವರ ವಾಟ್ಸ್ಆ್ಯಪ್ ಕಳ್ಳರ ಕೈಗೆ ಹೋಗಿದ್ದರೆ ಅವರಿಗೆ ಗೊತ್ತಿಲ್ಲದೆಯೇ ಎಲ್ಲರಿಗೂ ಹೋಗಿರುತ್ತದೆ. ಫೋನ್ ಮಾಡಿ ಕೇಳಿ.

ಒತ್ತಿದರೆ ಏನಾಗುತ್ತದೆ? ಆ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಒಮ್ಮೆ ‘ಅಲೋ’ ಎಂದರೆ ಒಟಿಪಿಯನ್ನು ನೀವು ಯಾರಿಗೂ ಹೇಳಬೇಕಿಲ್ಲ, ತಾನೇ ಓದಿ ಕಳ್ಳರಿಗೆ ಕಳಿಸುತ್ತದೆ. ಒಟಿಪಿ ಹೇಳಬೇಡಿ ಎಂದು ಇಷ್ಟು ವರ್ಷ ನಾನು ಹೇಳಿದ್ದು ಇಲ್ಲಿ ಸಾಲದು.

ಹಾಗಾಗಿ ಇಬ್ಬರ ಫೋನಿನಲ್ಲೂ ಸೆಟ್ಟಿಂಗ್ಸ್ ತೆರೆದು ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ಅಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಮೂರರ ಮುಂದೆಯೂ ಅನುಮತಿ ಆಫ್ ಇರಬೇಕು. ಆಫ್ ಇದ್ದರೂ ಫೈಲ್ ಒತ್ತಿದಾಗ, ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ ಎಂದು ಫೋನೇ ತೋರಿಸುತ್ತದೆ. ಅಲ್ಲಿಂದ ಹಿಂದಕ್ಕೆ ಬಂದುಬಿಡಿ.

ಕೈತಪ್ಪಿ ಹಾಕಿಕೊಂಡಿದ್ದರೆ ಮೊದಲು ಏರೋಪ್ಲೇನ್ ಮೋಡ್. ಬರೀ ಇಂಟರ್ನೆಟ್ ಆರಿಸಿದರೆ ಆಗದು, ಕೆಲವು ಆ್ಯಪ್‌ಗಳು ಎಸ್‌ಎಂಎಸ್ ಮೂಲಕವೂ ಒಟಿಪಿ ಕಳಿಸುತ್ತವೆ. ಆಮೇಲೆ ಸಿಮ್ ತೆಗೆದು ಹಳೆಯ ಬಟನ್ ಫೋನಿಗೆ ಹಾಕಿ. ಈಗಿನ ನ್ಯಾನೋ ಸಿಮ್ ಅದಕ್ಕೆ ಚಿಕ್ಕದಾಗುತ್ತದೆ, ಅಡಾಪ್ಟರ್ ಒಂದನ್ನು ಈಗಲೇ ತಂದಿಡಿ. ಅಮ್ಮನ ಜಿಯೋ ಸಿಮ್ 4ಜಿ ಇಲ್ಲದ ಫೋನಿನಲ್ಲಿ ನಡೆಯುವುದಿಲ್ಲ, ಅದನ್ನು ಅಪ್ಪನ ಫೋನಿಗೆ ಹಾಕಿ. ಕಳ್ಳರು ನಿಮ್ಮ ಕರೆಗಳನ್ನು ಬೇರೆಡೆಗೆ ತಿರುಗಿಸಿಟ್ಟಿದ್ದರೆ ##002# ಒತ್ತಿದಾಗ ರದ್ದಾಗುತ್ತದೆ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲು ನನಗೆ ಫೋನ್ ಮಾಡಿ ಹೊತ್ತು ಕಳೆಯಬೇಡಿ. ನಿಮಗೆ ಬೆಳಗ್ಗೆ 8 ಗಂಟೆ ಆದಾಗ ಚಳಿಗಾಲದಲ್ಲಿ ನನಗಿಲ್ಲಿ ಮೂರೂವರೆ, ಮೇಲಾಗಿ ಬ್ಯಾಂಕಿನವರು ಖಾತೆದಾರರ ಜೊತೆಯಷ್ಟೇ ಮಾತಾಡುತ್ತಾರೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ. ಅದಕ್ಕೆ ಮೊದಲು ದೂರು ಮುಟ್ಟಿದರೆ ಆ ಬ್ಯಾಂಕು ಹಣವನ್ನು ತಡೆಹಿಡಿಯಬಹುದು. ಖಾತೆ ನಂಬರು, ಮೊತ್ತ, ಹೋದ ಸಮಯ, ಯುಪಿಐ ಆಗಿದ್ದರೆ 12 ಅಂಕಿಯ ರೆಫರೆನ್ಸ್ ನಂಬರು ಕೈಯಲ್ಲಿರಲಿ. ಬ್ಯಾಂಕಿಗೂ ತಿಳಿಸಿ, ದೂರಿನ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬ್ಯಾಂಕಿಗೆ ತಿಳಿಸಿದ ಮೇಲೂ ಹಣ ಕದ್ದು ಹೋದರೆ ಆ ನಷ್ಟ ಬ್ಯಾಂಕಿನದು.

ಅಪ್ಪ, ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಬಿಡಿ. ಎಇಪಿಎಸ್ ಎಂಬ, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಲ್ಲಿ ಆಧಾರ್ ನಂಬರಿನ ಜೊತೆ ಹೆಬ್ಬೆಟ್ಟು ಒತ್ತಿದರೆ ಸಾಕು, ಒಟಿಪಿ ಇಲ್ಲದೆಯೇ ಖಾತೆಯಿಂದ ಹಣ ತೆಗೆಯಬಹುದು. ಆಸ್ತಿ ನೋಂದಣಿ ಪತ್ರಗಳಲ್ಲಿರುವ ಬೆರಳಚ್ಚನ್ನು ನಕಲು ಮಾಡಿ ಹಾಗೆ ಕದ್ದದ್ದು ನಮ್ಮ ರಾಜ್ಯದಲ್ಲೇ ನಡೆದಿದೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಲಾಕ್ ಆಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯದೆ 330 ಎಂಬ ಎರರ್ ಬಂದರೆ ಗಾಬರಿ ಬೇಡ, ಅದು ಈ ಲಾಕೇ. ತಾತ್ಕಾಲಿಕವಾಗಿ ತೆರೆದರೆ ರೇಷನ್ ಸಿಗುತ್ತದೆ.

ಇನ್ನು ‘ನಿಮ್ಮ ಮಗಳು ವಿದೇಶದಲ್ಲಿ ಸಿಕ್ಕಿಬಿದ್ದಿದ್ದಾಳೆ’ ಎಂದು ಪೊಲೀಸ್ ವೇಷದವರು ವಿಡಿಯೊ ಕಾಲ್ ಮಾಡಿದರೆ ಕೆಳಗಿಟ್ಟುಬಿಡಿ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿಲ್ಲ. ನನ್ನದೇ ದನಿ ಕೇಳಿಸಿದರೂ, ನಮ್ಮ ಹಳೇ ಹಸುವಿನ ಹೆಸರು ಕೇಳಿ. ಆ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಎಲ್ಲೂ ಬರೆಯಬೇಡಿ.

ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಆ ಸೆಟ್ಟಿಂಗ್ಸ್ ಜೊತೆಯಲ್ಲೇ ನೋಡೋಣ. ಅಮ್ಮ, ಕನ್ನಡಕ ಹತ್ತಿರ ಇಟ್ಟುಕೊಂಡಿರು.

ಇಂತಿ,
ನಿಮ್ಮ ಮಗಳು