ಡಬಲ್ ಲಾಕ್ ಕೋಣೆಯ ಕೀಲಿಕೈ

ಪ್ರಿಯ ಓದುಗರೇ,

ಫೆಬ್ರವರಿ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಜೆಟ್ ಮಾತು. 1970ರಲ್ಲಿ ಇಂದಿರಾ ಗಾಂಧಿ ಕೇಂದ್ರ ಬಜೆಟ್ ಮಂಡಿಸಿದ್ದರು. ಆಮೇಲೆ ಇನ್ನೊಬ್ಬ ಹೆಣ್ಣುಮಗಳು ಅದನ್ನು ಮಂಡಿಸಿದ್ದು 2019ರಲ್ಲಿ. ನಿರ್ಮಲಾ ಸೀತಾರಾಮನ್ ಕೆಂಪು ಬಟ್ಟೆ ಸುತ್ತಿದ ಕಡತ ಹಿಡಿದು ಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆದರೆ ಸರ್ಕಾರದ ದುಡ್ಡು ಜಗಳೂರಿನ ಮೇಷ್ಟ್ರ ಪಿಂಚಣಿಯಾಗಿ ಕೈಗೆ ಸಿಗುವ ದಾರಿ ಟಿವಿಯಲ್ಲಿ ಕಾಣುವುದಿಲ್ಲ. ಆ ದಾರಿಯಲ್ಲಿ 30ಕ್ಕೂ ಹೆಚ್ಚು ವರ್ಷ ಕೂತು ಕೆಲಸ ಮಾಡಿದವರು ನಮ್ಮ ಚಿಕ್ಕಮ್ಮ.

ಅವರು ಚಿತ್ರದುರ್ಗದ ಖಜಾನೆಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಬಿಲ್ಲು ತಂದವರಿಗೆ ಹಿತ್ತಾಳೆ ಟೋಕನ್ ಕೊಡುತ್ತಿದ್ದರು. ಲೆಕ್ಕ ಶೀರ್ಷಿಕೆ (ಯಾವ ಬಾಬ್ತಿನ ಖರ್ಚು ಎಂಬುದು) ಸರಿಯಿದೆಯಾ, ಅನುದಾನ ಉಳಿದಿದೆಯಾ, ಬಿಲ್ಲಿನ ಸಹಿ ಖಜಾನೆಯಲ್ಲಿರುವ ಮಾದರಿ ಸಹಿಗೆ ಹೊಂದುತ್ತದಾ, ಎಲ್ಲ ಕಣ್ಣಲ್ಲೇ ನೋಡಬೇಕು. ಇವತ್ತು ಖಜಾನೆ-2 ತಂತ್ರಾಂಶ ಆ ಕೆಲಸದಲ್ಲಿ ಜಾಸ್ತಿ ಪಾಲು ಮಾಡುತ್ತದೆ.

ಒಂದು ಮಾರ್ಚ್ 31ರ ರಾತ್ರಿ. ವರ್ಷ ಮುಗಿದರೆ ಖರ್ಚಾಗದ ಅನುದಾನ ವಾಪಸ್ ಹೋಗುತ್ತದೆ, ಹಾಗಾಗಿ ಕೌಂಟರಿನಲ್ಲಿ ನೂಕುನುಗ್ಗಲು. ಮೇಜಿನ ಮೇಲೆ ಮಂಡಕ್ಕಿ, ಮಿರ್ಚಿ ತಣ್ಣಗಾಗಿತ್ತಂತೆ. ಒಂದು ಕಚೇರಿಯವರು ಪೀಠೋಪಕರಣದ ಬಿಲ್ಲು ತಂದರು. ಸಾಮಾನು ಬಂದು ದಾಸ್ತಾನು ಪುಸ್ತಕಕ್ಕೆ ಏರಿದ ದೃಢೀಕರಣ ಇರಲಿಲ್ಲ. "ನಾಳೆ ತಂದ್ಕೊಡ್ತೀವಿ ಮೇಡಂ, ಈಗ ಪಾಸ್ ಮಾಡಿ" ಎಂದರು. ಮೇಲಿನಿಂದ ಫೋನೂ ಬಂತು. ಚಿಕ್ಕಮ್ಮ ಆಕ್ಷೇಪಣೆ ಬರೆದು ಬಿಲ್ಲು ವಾಪಸ್ ಕೊಟ್ಟರು. "ಬರದೇ ಇರೋ ಕುರ್ಚಿಗೆ ಜನರ ದುಡ್ಡು ಯಾಕೆ ಕೊಡ್ಲಿ?" ಎಂದು ಈಗಲೂ ಕೇಳುತ್ತಾರೆ.

ಖಜಾನೆಯಲ್ಲಿ ಡಬಲ್ ಲಾಕ್ ಕೋಣೆ ಇರುತ್ತದೆ. ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀಲಿ. ಒಬ್ಬರೇ ತೆಗೆಯಲು ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳನ್ನೂ ಖಜಾನೆಯಲ್ಲೇ ಭದ್ರವಾಗಿ ಇಡುತ್ತಾರೆ. ನಮ್ಮಣ್ಣನ ಮದುವೆ ಪರೀಕ್ಷೆ ಹೊತ್ತಿಗೇ ಬಿತ್ತು. ಒಂದು ಕೀಲಿ ಚಿಕ್ಕಮ್ಮನ ಹತ್ತಿರ ಇತ್ತು. ಅವರು ಬರಲಿಲ್ಲ. ಮನೆಯಲ್ಲಿ ಎಲ್ಲರೂ ಮುನಿಸಿಕೊಂಡರು, ನಾನೂ. ಅದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಚಿಕ್ಕಮ್ಮನಿಗೂ ಅಲ್ಲಿಗೆ ವರ್ಗ. ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ನಕ್ಷೆಯಲ್ಲಿ ಗೆರೆ ಎಳೆಯುವುದು ಸುಲಭ, ಹಳೆಯ ದಾಖಲೆ ಹುಡುಕುವುದು ಕಷ್ಟ ಅಲ್ವಾ? ಹರಪನಹಳ್ಳಿ ಕಡೆಯ ಅಜ್ಜಿಯೊಬ್ಬರು ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಬಂದರು. ಕೈಯಲ್ಲಿ ಒಂದು ಫೋಟೊ ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅರ್ಜಿ ತಾವೇ ಬರೆದು, ಬಳ್ಳಾರಿಗೂ ತಾವೇ ಪತ್ರ ಹಾಕಿದರು. ಅಜ್ಜಿ ಬಸ್ಸು ಹತ್ತಿ ಅಲೆಯುವುದು ತಪ್ಪಿತು. ಪಿಂಚಣಿ ಬಂದ ತಿಂಗಳು ಆ ಅಜ್ಜಿ ಒಂದು ಸೇರು ಶೇಂಗಾ ತಂದರು. ಚಿಕ್ಕಮ್ಮ ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿಸಿ ಕಳಿಸಿದರು.

ಮೊನ್ನೆ ಫೋನಿನಲ್ಲಿ ಚಿಕ್ಕಮ್ಮನಿಗೆ ನಮ್ಮ ಸಂಘದ ಯುಗಾದಿ ಹಬ್ಬದ ಖರ್ಚಿನ ವಿಷಯ ಹೇಳಿದೆ. "ರಸೀದಿ ಎಲ್ಲ ಇದಾವಾ?" ಎಂದು ಕೇಳಿದರು. ಎರಡು ಸಿಕ್ಕಿರಲಿಲ್ಲ. ಖಜಾಂಚಿಯವರೊಂದಿಗೆ ಕೂತು ಹುಡುಕಿದೆವು. ಪೂರ್ತಿ ಲೆಕ್ಕ ಕೊನೆಯ ಪುಟದಲ್ಲಿದೆ, ದಯವಿಟ್ಟು ನೋಡಿ.

ನಿಮ್ಮ ಸಂಪಾದಕಿ